ಬೆರಳಿಗೆ ಹತ್ತದ ಮಸಿ

ಓಟು ಹಾಕಿದವರ ಬೆರಳಿಗೆ ಹಚ್ಚುವ ಮಸಿ ನಮ್ಮ ಮೈಸೂರಿನದು ಎಂದು ಮುಂಬಯಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಾನು ಸಾಕಷ್ಟು ಮೆರೆದಿದ್ದೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು, 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಮಸಿ ಒದಗಿಸುತ್ತ ಬಂದಿದೆ. 'ನಿಮ್ಮ ಬೆರಳೂ ನಮ್ಮೂರಿನ ಋಣದಲ್ಲಿದೆ ನೋಡಿ ಕಾಕಾ' ಅಂತ ಪಕ್ಕದ ಮನೆಯ ಮರಾಠಿ ಹಿರಿಯರಿಗೆ ಪ್ರತಿ ಚುನಾವಣೆಯಲ್ಲೂ ಹೇಳುತ್ತೇನೆ, ಅವರೂ ಪ್ರತಿ ಸಲ ನಗುತ್ತಾರೆ. 2024ರ ಮೇ 20ರಂದು ಮಾತ್ರ ಕಾಕಾನ ಬೆರಳಿಗೆ ಮೈಸೂರಿನ ಮಸಿ ಇತ್ತು. ನನ್ನ ಬೆರಳಿಗೆ ಇರಲಿಲ್ಲ.

ನನ್ನೂರು ಶಿರಸಿ. ಅಲ್ಲಿ ಮೇ 7ಕ್ಕೇ ಮತದಾನ ಮುಗಿದಿತ್ತು. ನನ್ನ ಹೆಸರು ಊರಿನ ಪಟ್ಟಿಯಲ್ಲಿಲ್ಲ. 2009ರಲ್ಲೇ ತೆಗೆಸಿ ಇಲ್ಲಿ ಗೋರೆಗಾಂವಿನಲ್ಲಿ ಸೇರಿಸಿಕೊಂಡಿದ್ದೆ. ಮೇ 20 ಸೋಮವಾರ. ಶನಿವಾರ, ಭಾನುವಾರ, ಮೇಲೊಂದು ಮತದಾನದ ರಜೆ. ಆಫೀಸಿನ ನಾಲ್ಕು ಸಂಸಾರ ಸೇರಿ ಲೋನಾವಳಾಕ್ಕೆ ಹೋದೆವು. ಸೋಮವಾರ ಮಧ್ಯಾಹ್ನದೊಳಗೆ ಬಂದು ಓಟು ಹಾಕಿದರಾಯಿತು ಎಂದುಕೊಂಡೇ ಹೊರಟದ್ದು. ಬರಲಿಲ್ಲ ಅನ್ನಿ.

ಹೆಂಡತಿ ಕಾರಿನಲ್ಲಿ ಎರಡು ಸಲ ನೆನಪಿಸಿದಳು. ಎರಡು ಸಲವೂ ನಾನು ಭಾಷಣ ಬಿಗಿದೆ. ಯಾರು ರಾಜ್ಯ ಆಳಿದರೂ ರಾಗಿ ಬೀಸೋದು ತಪ್ಪಲಿಲ್ಲ ಅಂತ ಅಜ್ಜಿ ಹೇಳ್ತಿರಲಿಲ್ಲವಾ? ಮಹಾರಾಷ್ಟ್ರದಲ್ಲಂತೂ 2022ರಲ್ಲಿ ಒಂದು ಪಕ್ಷ ಒಡೆಯಿತು, 2023ರಲ್ಲಿ ಇನ್ನೊಂದು. ಒಂದು ಕಡೆಗೆ ಅಂತ ಹಾಕಿದ ಓಟು ಈಗ ಯಾವ ಕಡೆ ಕೂತಿದೆ ಹೇಳು ನೋಡೋಣ? ನಮ್ಮ ಕ್ಷೇತ್ರದಲ್ಲೇ ನೋಡು, ಒಂದೇ ಸೇನೆಯ ಎರಡು ಬಣಗಳು ಎದುರುಬದುರು ನಿಂತಿವೆ. ಇನ್ನು ಖರ್ಚು? ಲೋಕಸಭೆಗೆ ನಿಂತವನು 95 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಬಾರದು ಅಂತ 2022ರಿಂದ ನಿಯಮ ಉಂಟು, ಪಕ್ಷಕ್ಕೆ ಮಾತ್ರ ಮಿತಿಯೇ ಇಲ್ಲ. ಇಂಥ ಜಾತ್ರೆಗೆ ನಾನ್ಯಾಕೆ ಹೋಗಲಿ? ನನ್ನ ಮಾತು ನನಗೇ ಬಹಳ ಹಿಡಿಸಿತು.

ಸಂಜೆ ಏಳಕ್ಕೆ ನಮ್ಮ ಬೀದಿಗೆ ಬಂದರೆ ನನ್ನ ಭಾಷಣಕ್ಕೆ ಸಾಕ್ಷಿ ರಸ್ತೆ ತುಂಬ ಬಿದ್ದಿತ್ತು. ಮತಗಟ್ಟೆಯಿಂದ ನೂರು ಮೀಟರಿನೊಳಗೆ ಪ್ರಚಾರ ಮಾಡುವಂತಿಲ್ಲವಲ್ಲ, ಆ ಗೆರೆ ದಾಟಿದ್ದೇ ತಡ ಎಲ್ಲ ಪಕ್ಷಗಳ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ. ಕೆಳಗೆ ಹೆಸರು ಹುಡುಕಿಕೊಡುವ ಚೀಟಿಗಳು, ನೀರಿನ ಬಾಟಲಿ, ವಡಾಪಾವ್ ಸುತ್ತಿದ ಕಾಗದ, ತುಳಿದ ಟೋಪಿಗಳು. 'ನೋಡಿದ್ಯಾ ಎಂಥಾ ಪೋಲು' ಅಂದೆ. ಹೆಂಡತಿ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಮನೆಗೆಲಸದ ಬಾಯಿ ಚಹಾ ಲೋಟ ತೆಗೆಯುತ್ತ ನನ್ನ ಕೈ ನೋಡಿದಳು. ಅವಳು ಕಲಬುರಗಿ ಕಡೆಯವಳು. ಮೇ 7ರ ಮತದಾನಕ್ಕೆಂದು ಊರಿಗೆ ಹೋಗಿ ಬಂದಿದ್ದಳು. ಅವಳ ಉಗುರಿನ ಮೇಲೆ ಮಸಿ ಇನ್ನೂ ಕಪ್ಪಗೆ ಕೂತಿತ್ತು.

'ಬೆರಳಿಗಿ ಮಸಿ ಇಲ್ಲಲ್ರಿ ಸಾಹೇಬ್ರ?'

ನನಗೆ ಇರಿಸುಮುರಿಸಾಯಿತು. ಹಾಗಾದಾಗ ಮನುಷ್ಯ ಎದುರಿನವರ ತಪ್ಪು ಹುಡುಕುತ್ತಾನೆ. 'ನಿನಗೆ ಬಸ್ ಚಾರ್ಜು ಯಾರು ಕೊಟ್ಟರು?' ಅಂದೆ. ಅವಳು ಮುಚ್ಚಿಡಲಿಲ್ಲ.

'ಅವ್ರೇ ಬಸ್ ಮಾಡಿ ಕಳಿಸಿದ್ರು. ಮ್ಯಾಲೆ ಐನೂರು ಕೊಟ್ರು.'

'ಹಾಗಾದರೆ ಓಟು ಮಾರಿದ ಹಾಗೇ ಆಯ್ತಲ್ಲ?'

'ಬಸ್ಸಿಗಿ ರೊಕ್ಕ ಅವ್ರು ಕೊಟ್ರಿ. ಒತ್ತೋ ಮುಂದ ಒಳಗ ನಾ ಒಬ್ಬಾಕೇ ಇದ್ದೆ.' ಸ್ವಲ್ಪ ಹೊತ್ತು ಬಿಟ್ಟು ಅಂದಳು: 'ಹೋಗಲಿಲ್ಲಂದ್ರ ಪಟ್ಟಿದಾಗಿಂದ ಹೆಸರು ತೆಗೀತಾರ. ಹೆಸರು ಹೋತಂದ್ರ ನಾ ಊರಾಗೂ ಇಲ್ಲ, ಇಲ್ಲೂ ಇಲ್ಲ.'

ಒಂದು ಸಲ ಓಟು ಹಾಕದಿದ್ದರೆ ಹೆಸರು ತೆಗೆಯುವ ಕಾನೂನೇನೂ ಇಲ್ಲ. ಆದರೆ ದುಡಿಯಲು ಹೊರಟು ಮನೆಗೆ ಬೀಗ ಹಾಕಿದವರ ಹೆಸರು, ಊರು ಬಿಟ್ಟವರೆಂದು ಪಟ್ಟಿಯಿಂದ ಜಾರುವುದುಂಟು. ಆ ಹೆದರಿಕೆ ಸುಳ್ಳಲ್ಲ. ಅವಳು ದುಡ್ಡು ತೆಗೆದುಕೊಂಡದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕಾನೂನಿನ ಕಣ್ಣಿಗೆ ಕೊಟ್ಟವರೂ ತಪ್ಪಿತಸ್ಥರು, ತೆಗೆದುಕೊಂಡವರೂ. ಆದರೆ ಇನ್ನೊಂದು ಲೆಕ್ಕವೂ ಇದೆ. ಊರಿಗೆ ಹೋದ ಮೂರು ದಿನದ ಸಂಬಳ ಹಿಡಿಯಬೇಕೆಂದು ನಾವು ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆವು. ನನ್ನ ಆಫೀಸು ಮಾತ್ರ ಓಟು ಹಾಕಲೆಂದೇ ಸಂಬಳ ಸಹಿತ ರಜೆ ಕೊಟ್ಟಿತ್ತು, ಅದೂ ಕಾನೂನೇ. ಆ ರಜೆಯನ್ನು ನಾನು ಲೋನಾವಳಾದಲ್ಲಿ ಕಳೆದಿದ್ದೆ. ಪೋಲಿನ ಮಾತು ಯಾರು ಯಾರಿಗೆ ಹೇಳಬೇಕಿತ್ತು?

ಜೂನ್ 4ರಂದು ಫಲಿತಾಂಶ ಬಂತು. ನಮ್ಮ ಮುಂಬಯಿ ವಾಯವ್ಯ ಕ್ಷೇತ್ರದಲ್ಲಿ ರವೀಂದ್ರ ವಾಯ್ಕರ್ ಅವರಿಗೆ 4,52,644 ಮತ, ಅಮೋಲ್ ಕೀರ್ತಿಕರ್ ಅವರಿಗೆ 4,52,596. ಅಂತರ 48. ಒಂದು ಬಸ್ಸಿನಲ್ಲಿ ಕೂರುವಷ್ಟು ಜನ. ಯಾರು ಗೆದ್ದದ್ದು ಒಳ್ಳೆಯದಾಯಿತು ಎನ್ನುವುದು ಇಲ್ಲಿ ನನ್ನ ವಿಷಯವಲ್ಲ. ಆದರೆ ಅವತ್ತು ಲೋನಾವಳಾದಿಂದ ವಾಪಸು ಬರುವ ಕಾರುಗಳ ಸಾಲು ಕಣ್ಣಮುಂದೆ ಬಂತು. ಅದರಲ್ಲಿ ನಮ್ಮ ಕ್ಷೇತ್ರದವರು ಎಷ್ಟಿದ್ದರೋ.

ನನ್ನೊಳಗಿನ ವಕೀಲ ಸುಮ್ಮನಿರಲಿಲ್ಲ. ಅಂತರ 48, ನೀನು ಹಾಕಿದ್ದರೆ 47 ಇಲ್ಲವೇ 49 ಆಗುತ್ತಿತ್ತು, ಅಷ್ಟೇ ತಾನೇ ಅಂದ. ಲೆಕ್ಕ ಸರಿಯೇ. ನಮ್ಮ ಕರ್ನಾಟಕದಲ್ಲೇ 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದೇ ಒಂದು ಮತದಲ್ಲಿ ತೀರ್ಮಾನವಾಯಿತು, ಆದರೆ ಅದು ಲಾಟರಿ ಹೊಡೆದ ಹಾಗೆ. ಅದನ್ನು ನಂಬಿ ಯಾರೂ ಓಟು ಹಾಕುವುದಿಲ್ಲ. ಹಾಗಾದರೆ ನನ್ನ ತಪ್ಪು ಎಲ್ಲಿ?

ಯೋಚಿಸಿದರೆ ಹೀಗೆ ಕಾಣುತ್ತದೆ. 'ನನ್ನೊಬ್ಬನಿಂದ ಏನಾಗುತ್ತದೆ' ಎನ್ನುವ ಮಾತು ನನಗೆ ಸರಿಯಾದರೆ ಕಾಕಾಗೂ ಸರಿ, ಬಾಯಿಗೂ ಸರಿ. ಎಲ್ಲರೂ ಅದನ್ನೇ ನಂಬಿ ಮನೆಯಲ್ಲಿ ಕೂರದಿರುವುದರಿಂದ ಮಾತ್ರ ನಾನು ಅದನ್ನು ಆರಾಮಾಗಿ ನಂಬಬಹುದು. ಅಂದರೆ ಅವರು ಬಿಸಿಲಲ್ಲಿ ನಿಂತ ಸಾಲಿನ ನೆರಳಲ್ಲಿ ನಾನು ಕೂತಿದ್ದೇನೆ.

ಎಲ್ಲರೂ ಕಳ್ಳರು ಎಂದು ಪ್ರತಿಭಟಿಸಿದೆ ಅನ್ನೋಣವೇ? ಪ್ರತಿಭಟನೆ ಯಾರಿಗಾದರೂ ಓದಲು ಸಿಗಬೇಕು. 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಯಂತ್ರದ ಮೇಲೆ 'ನೋಟಾ' ಗುಂಡಿ ಬಂದಿದೆ. ಅದರಿಂದ ಯಾರೂ ಸೋಲುವುದಿಲ್ಲ, ಗೊತ್ತು. ಆದರೂ ನಮ್ಮ ಕ್ಷೇತ್ರದಲ್ಲೇ 15 ಸಾವಿರಕ್ಕೂ ಹೆಚ್ಚು ಜನ ಸಾಲಿನಲ್ಲಿ ನಿಂತು ಅದನ್ನು ಒತ್ತಿ ಬಂದಿದ್ದಾರೆ. ಅವರ ಬೇಸರ ಲೆಕ್ಕಕ್ಕೆ ಸಿಕ್ಕಿತು. ನನ್ನ ಬೇಸರಕ್ಕೂ ಪಕ್ಕದ ಫ್ಲಾಟಿನವರ ನಿದ್ದೆಗೂ ದಾಖಲೆಯಲ್ಲಿ ವ್ಯತ್ಯಾಸವೇ ಇಲ್ಲ.

ಇನ್ನು ಆ ಪೋಲು. ಟೇಬಲ್ಲು, ಚೀಟಿ, ವಡಾಪಾವು, ಬಾಯಿ ಹತ್ತಿದ ಬಸ್ಸು, ಇದೆಲ್ಲ ಯಾರ ಮನಸ್ಸು ಬದಲಾಯಿಸಲಿಕ್ಕೆ? ಮತದಾನದ ದಿನ ಮನಸ್ಸು ಬದಲಾಯಿಸುವುದು ಕಷ್ಟ. ಅವತ್ತಿನ ಖರ್ಚೆಲ್ಲ ಮನೆಯಲ್ಲಿ ಕೂತವರನ್ನು ಎಬ್ಬಿಸಿ ತರುವುದಕ್ಕೆ. ನಾವು ಎದ್ದು ಬರುವುದಿಲ್ಲ ಎಂಬ ಭರವಸೆಯ ಮೇಲೇ ಆ ವ್ಯಾಪಾರದ ಒಂದು ಪಾಲು ನಡೆದಿದೆ. ಪೂರ್ತಿ ಅಲ್ಲ, ದುಡ್ಡಿನ ರಾಜಕೀಯಕ್ಕೆ ಬೇರೆ ಬೇರುಗಳೂ ಇವೆ. ಆದರೆ ಈ ಒಂದು ಬೇರಿಗೆ ನೀರೆರೆಯುವವರು ನಾವೇ. ಪೋಲು ಕಂಡು ಹೇಸಿ ಮನೆಯಲ್ಲಿ ಕೂತರೆ, ಮುಂದಿನ ಸಲ ಇನ್ನೆರಡು ಟೇಬಲ್ಲು ಹೆಚ್ಚು ಹಾಕುತ್ತಾರೆ, ಅಷ್ಟೇ. ಊರಲ್ಲಿರುವ ನೀವು ಇದು ಮುಂಬಯಿಯವರ ಕತೆ ಎಂದು ನಗಬೇಡಿ. 2024ರಲ್ಲಿ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳಲ್ಲಿ ಮತದಾನ ಶೇ. 55 ದಾಟಲಿಲ್ಲ.

ಬಾಯಿಯ ಮೂರು ದಿನದ ಸಂಬಳ ನಾವು ಹಿಡಿಯಲಿಲ್ಲ. ಅವಳಿಗೆ ಅದರ ಕಾರಣವನ್ನೂ ಹೇಳಲಿಲ್ಲ, ಹೇಳಲು ನಾಚಿಕೆಯಾಯಿತು.

ಅದೇ ವರ್ಷ ನವೆಂಬರ್ 20ಕ್ಕೆ ವಿಧಾನಸಭೆಯ ಮತದಾನ. ಈ ಸಲ ಬುಧವಾರ. ನಗರದವರ ರಜೆಯ ಚಟ ನೋಡಿಯೇ ವಾರದ ನಡುವೆ ಇಟ್ಟದ್ದೆಂದು ಆಯೋಗ ಹೇಳಿತ್ತು. ಬೆಳಿಗ್ಗೆ ಕಾಕಾನ ಜೊತೆ ಹೋಗಿ ನಿಂತೆ. ಅಭ್ಯರ್ಥಿಗಳಲ್ಲಿ ಯಾರ ಮೇಲೂ ಪ್ರೀತಿ ಉಕ್ಕಲಿಲ್ಲ, ರಸ್ತೆಯಲ್ಲಿ ಟೇಬಲ್ಲುಗಳೂ ಅಷ್ಟೇ ಇದ್ದವು. ಇದ್ದವರಲ್ಲಿ ವಾಸಿ ಎನಿಸಿದವರಿಗೆ ಒತ್ತಿ ಬಂದೆ.

ಮರುದಿನ ಬಾಯಿ ಚಹಾ ಲೋಟ ತೆಗೆಯುವಾಗ ನನ್ನ ಬೆರಳು ನೋಡಿ ನಕ್ಕಳು.

'ನಿಮಗ ಬಸ್ ಚಾರ್ಜು ಯಾರು ಕೊಟ್ರಿ ಸಾಹೇಬ್ರ?'

'ನಡೆದುಕೊಂಡೇ ಹೋಗಿದ್ದೆ' ಅಂದೆ. ಹತ್ತು ನಿಮಿಷದ ದಾರಿ.