ಇಂದಿನ ಚಿಂತನೆ: ಕಮ್ಮಾರ ಚುಂದ ಮತ್ತು ನಮ್ಮ ಮನೆಯ ಬೆಂಚು



ಕಳೆದ ಭಾನುವಾರ ನಾನು ಅಧ್ಯಯನ ಬಳಗಕ್ಕೆ ಬರಲಿಲ್ಲ. ಯಾಕೆಂದು ಕೆಲವರು ಕೇಳಿದ್ದಿರಿ. ಕಂಪ್ಲಿಗೆ ಹೋಗಿದ್ದೆ, ಒಬ್ಬ ಹುಡುಗನ ಕ್ಷಮೆ ಕೇಳುವುದಕ್ಕೆ.

ಪಿಯುಸಿ ಓದುವ ನನ್ನ ಮಗನಿಗೆ ಕಸರತ್ತಿನ ಹುಚ್ಚು. ಜಿಮ್ಮಿಗೆ ತಿಂಗಳು ತಿಂಗಳು ಕಟ್ಟುವ ದುಡ್ಡಿನಲ್ಲಿ ಮನೆಯಲ್ಲೇ ಸಾಮಾನು ಮಾಡಿಕೊಳ್ಳುತ್ತೇನೆ ಅಂದ. ಒಪ್ಪಿದೆ. ಅದಕ್ಕೊಂದು ಹಳೆಯ ಕಾರಣವೂ ಇತ್ತು. ನಮ್ಮಪ್ಪನ ಕಾಲಕ್ಕೆ ಊರ ಗರಡಿಮನೆಯೊಳಗೆ ನಮ್ಮವರು ಕಾಲಿಡುವಂತಿರಲಿಲ್ಲ, ಅಖಾಡದ ಮಣ್ಣು ಮೈಲಿಗೆಯಾಗುತ್ತದಂತೆ. ಅದೇ ಅಪ್ಪ ಸಂಡೂರಿನ ಗಣಿಯಲ್ಲಿ ಅದಿರು ಒಡೆದು, ಬುಟ್ಟಿ ಹೊತ್ತು, ಲಾರಿ ತುಂಬಿದವರು. ಆ ತೋಳಿನ ಬಲ ಲಾರಿಗೆ ಬೇಕಿತ್ತು, ಊರ ಕುಸ್ತಿಗೆ ಬೇಡವಾಗಿತ್ತು. ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನಲ್ಲಿ ಮಾಡಿದ ಭಾರಗಳನ್ನು ಎತ್ತುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದಲ್ಲಿ ಮಕ್ಕಳಿಗೆ ಇದನ್ನು ಹೇಳುವಾಗಲೆಲ್ಲ ನನಗೆ ಅಪ್ಪನ ಬುಟ್ಟಿ ನೆನಪಾಗುತ್ತದೆ. ಅದರ ತೂಕವನ್ನು ಯಾರೂ ಬರೆದಿಡಲಿಲ್ಲ.

ಸರಿ, ಎರಡಿಂಚಿನ ಚೌಕ ಪೈಪು ತಂದೆವು. ಹಳೆಯ ಪೇಂಟ್ ಡಬ್ಬಿಗಳಿಗೆ ಕಾಂಕ್ರೀಟ್ ಸುರಿದು ತೂಕ ಮಾಡಿಕೊಂಡೆವು. ಬೆಂಚು, ಸ್ಟ್ಯಾಂಡು ವೆಲ್ಡ್ ಮಾಡಿದವನು ಮಗನ ಗೆಳೆಯ, ಕಂಪ್ಲಿಯ ಹುಡುಗ, ಐಟಿಐ ಮುಗಿಸಿದವನು. ಕೂಲಿ ಬೇಡ ಅಂದ. ಸಂಜೆ ಹೊತ್ತಿಗೆ ನೀಲಿ ಬಣ್ಣ ಬಳಿದು ನಿಲ್ಲಿಸಿದೆವು, ನೋಡಲು ಚಂದವಿತ್ತು.

ಮೂರನೇ ದಿನ ಮಗ 40 ಕೆಜಿ ಎತ್ತಿ ಸ್ಟ್ಯಾಂಡಿಗೆ ಇಡುವಾಗ ಒಂದು ಕಡೆಯ ಬೆಸುಗೆ ಕಿತ್ತು ಬಂತು. ರಾಡು ಭುಜಕ್ಕೆ ಬಡಿಯಿತು. ಕೊರಳಿಗೆ ನಾಲ್ಕು ಬೆರಳಷ್ಟೇ ದೂರ. ಆ ಹುಡುಗ ಅಲ್ಲೇ ಇದ್ದ. ನಾನು, ಬಳಗದಲ್ಲಿ ಸಮ್ಯಕ್ ವಾಚಾ ಕುರಿತು ಮಾತಾಡುವ ಮೇಷ್ಟ್ರು, "ನನ್ನ ಮಗನ್ನ ಕೊಂದೇಬಿಡ್ತಿದ್ದೆಯಲ್ಲೋ" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅವನು ಮಷೀನು ಬಿಟ್ಟು ಹೊರಟುಹೋದ.

ರಾತ್ರಿ ಮಗ ಮಲಗಿದ ಮೇಲೆ ಟಾರ್ಚು ಹಿಡಿದು ಮುರಿದ ಜಾಗ ನೋಡಿದೆ. ಬೆಸುಗೆ ಮೇಲೆ ಅಂಟಿಕೊಂಡಿತ್ತು, ಕಬ್ಬಿಣದೊಳಗೆ ಇಳಿದಿರಲಿಲ್ಲ. ಆಗ ನೆನಪಾಯಿತು. ಅವನು ಮಷೀನಿನ ಕರೆಂಟು ಜಾಸ್ತಿ ಇಟ್ಟಾಗ ಮನೆಯ ಮೇನ್ ಎರಡು ಸಲ ಟ್ರಿಪ್ ಆಗಿತ್ತು. "ಕಮ್ಮಿ ಇಡಪ್ಪ, ಬೇಗ ಮುಗಿಸು" ಅಂದವನು ನಾನೇ. "ಕಮ್ಮಿ ಇಟ್ರೆ ಹಿಡಿಯಲ್ಲ ಸರ್" ಎಂದು ಅವನು ಹೇಳಿಯೂ ಇದ್ದ. ಭಾರ ಹಾಕಿ ಪರೀಕ್ಷಿಸೋಣ ಅಂದಿದ್ದ. ಬಣ್ಣ ಒಣಗಲಿ ಎಂದು ತಡೆದವನೂ ನಾನೇ. 2024ರ ಆಗಸ್ಟಿನಲ್ಲಿ ನಮ್ಮ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ, ಯಾರ ತಪ್ಪು ಎಂದು ಟೀ ಅಂಗಡಿಯಲ್ಲಿ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ತೀರ್ಪು ಕೊಡುವುದು ಅಷ್ಟು ಸುಲಭ.

ಭಗವಾನರು ಕೊನೆಯ ಊಟ ಮಾಡಿದ್ದು ಪಾವಾದಲ್ಲಿ, ಚುಂದ ಎಂಬ ಕಮ್ಮಾರನ ಮನೆಯಲ್ಲಿ. ಕಬ್ಬಿಣ ಕಾಸುವವನ ಮನೆ ಎಂಬುದನ್ನು ಗಮನಿಸಿ. (ಬಡಿಸಿದ್ದು ಹಂದಿ ಮಾಂಸವೋ ಅಣಬೆಯೋ ಎಂಬ ಜಗಳ ಇವತ್ತು ಬೇಡ, ಗ್ರೂಪು ರಾತ್ರಿಯಿಡೀ ನಿಲ್ಲುವುದಿಲ್ಲ.) ಆ ಊಟದ ನಂತರ ರಕ್ತಭೇದಿಯಾಯಿತು. ಅಂಥ ನೋವಿನಲ್ಲಿ ಕುಸಿನಾರಾದ ದಾರಿ ಹಿಡಿದಿದ್ದ ಬುದ್ಧರು ಆನಂದನಿಗೆ ಹೇಳಿದ್ದು ಚುಂದನ ಬಗ್ಗೆ. ನಿನ್ನ ಊಟದಿಂದಲೇ ಹೀಗಾಯಿತೆಂದು ಯಾರಾದರೂ ಅವನ ಮನಸ್ಸು ಸುಡಬಹುದು, ಹಾಗಾಗದಂತೆ ನೋಡಿಕೋ; ಬೋಧಿ ಪಡೆಯುವ ಮುನ್ನ ಸಿಕ್ಕ ಊಟಕ್ಕೂ ಈ ಊಟಕ್ಕೂ ಸಮಾನ ಫಲವೆಂದು ಅವನಿಗೆ ತಿಳಿಸು, ಎಂದರು. ಪ್ರಾಣ ಹೋಗುವ ಹೊತ್ತಿನಲ್ಲಿ ಅವರಿಗೆ ಕಮ್ಮಾರನ ಸಂಕಟ ಕಂಡಿತು. ಮಗನ ಭುಜಕ್ಕೆ ಬರೀ ಬಾವು ಬಂದಿದ್ದಕ್ಕೆ ನಾನು ಒಬ್ಬ ಚುಂದನನ್ನು ಬೀದಿಗೆ ನಿಲ್ಲಿಸಿದ್ದೆ.

ಅಷ್ಟಾಂಗ ಮಾರ್ಗದ ಆರನೆಯದು ಸಮ್ಮಾ ವಾಯಾಮ. ನಮ್ಮ ಕನ್ನಡದ 'ವ್ಯಾಯಾಮ'ದ್ದೇ ಪಾಲಿ ರೂಪ. ಮೈ ಬೆಳೆಸುವುದಕ್ಕೆ ನಾವು ಉಳಿಸಿಕೊಂಡ ಪದವನ್ನು ಬುದ್ಧರು ಬಳಸಿದ್ದು ಪ್ರಯತ್ನ ಎಂಬ ಅರ್ಥದಲ್ಲಿ: ಹುಟ್ಟದ ಕೆಡುಕು ಹುಟ್ಟದಂತೆ, ಹುಟ್ಟಿದ್ದನ್ನು ಬಿಡುವಂತೆ, ಒಳಿತು ಹುಟ್ಟುವಂತೆ, ಹುಟ್ಟಿದ್ದು ಉಳಿಯುವಂತೆ. ಮೊದಲನೆಯದರಲ್ಲೇ ನಾನು ಫೇಲಾಗಿದ್ದೆ. ಎರಡನೆಯದಕ್ಕೆ ಕಂಪ್ಲಿಯ ಬಸ್ಸು ಹತ್ತಿದೆ.

ಹುಡುಗ ಫೋನು ಎತ್ತದೆ ಹನ್ನೆರಡು ದಿನವಾಗಿತ್ತು. ಅವನ ತಾಯಿ ಬಾಗಿಲಲ್ಲೇ ಹೇಳಿದರು, "ವೆಲ್ಡಿಂಗೇ ಬಿಡ್ತೀನಿ ಅಂತಾನ್ರಿ ಸರ್, ಕೈ ನಡುಗ್ತಾವಂತೆ." ಅವರೆದುರೇ ಹೇಳಿದೆ: ತಪ್ಪು ನನ್ನದಪ್ಪಾ, ಕರೆಂಟು ಕಮ್ಮಿ ಇಡಿಸಿದವನು ನಾನು, ನೀನು ಮೊದಲೇ ಹೇಳಿದ್ದೆ. ಅವನು ಬಹಳ ಹೊತ್ತು ನೆಲ ನೋಡಿದ. ಆಮೇಲೆ, "ನಾನೂ ಗಟ್ಟಿಯಾಗಿ ಬೇಡ ಅನ್ನಬೇಕಿತ್ತು ಸರ್. ನೀವು ದೊಡ್ಡವರು ಅಂತ ಸುಮ್ಮನಾದೆ" ಅಂದ. ಆ ಮಾತು ಇನ್ನೂ ಚುಚ್ಚುತ್ತಿದೆ.

ನಿನ್ನೆ ಸಂಜೆ ಬಂದಿದ್ದ. ಬಣ್ಣ ಕೆರೆದು, ಹಳೆಯ ಬೆಸುಗೆಗಳನ್ನೆಲ್ಲ ಗ್ರೈಂಡರಿನಿಂದ ತೆಗೆದ. ಪೈಪಿನ ಅಂಚು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು, ಕರಗಿರಲೇ ಇಲ್ಲ. ಪಕ್ಕದ ವರ್ಕ್‌ಶಾಪಿನಿಂದ ಬೇರೆ ಲೈನು ಎಳೆದು ಹೊಸದಾಗಿ ಹಿಡಿಸಿದ. ಕಿಟ್ಟ ಕುಟ್ಟಿ ತೆಗೆದು ಒಂದೊಂದು ಜಾಗವನ್ನೂ ನನಗೆ ತೋರಿಸಿದ. ಮೂರು ಚೀಲ ಮರಳು ಹೇರಿ ರಾತ್ರಿಯೆಲ್ಲ ಬಿಟ್ಟೆವು. ಇವತ್ತು ಬೆಳಿಗ್ಗೆ ಬಂದು ಚೀಲ ಇಳಿಸಿ, ಸ್ಟ್ಯಾಂಡು ಅಲುಗಾಡಿಸಿ ನೋಡಿ, ಮಗನನ್ನು ಪಕ್ಕಕ್ಕೆ ಸರಿಸಿದ.

"ಮೊದಲು ನೀವು ಮಲಗ್ರಿ ಸರ್" ಅಂದ. ಮಲಗಿದೆ.

ನಮೋ ಬುದ್ಧಾಯ. ಜೈ ಭೀಮ್.