ಬುತ್ತಿಯ ಜೊತೆ ನೀರು

ಇಂದಿನ ಧಮ್ಮ ಚಿಂತನೆ



ದಾನ ಎಂದ ಕೂಡಲೇ ನಮ್ಮಲ್ಲಿ ಅನೇಕರು ರೊಕ್ಕದ ಲೆಕ್ಕ ಹಾಕುತ್ತಾರೆ. ‘ನಮ್ಮ ಹತ್ರ ಕೊಡಾಕ ಏನೈತಿ?’ ಎನ್ನುತ್ತಾರೆ. ಇಂದು ಒಂದು ತಂಬಿಗೆ ನೀರಿನ ದಾನದ ಬಗ್ಗೆ ಯೋಚಿಸೋಣ. ಅದಕ್ಕೆ ಶ್ರೀಮಂತಿಕೆ ಬೇಡ. ಆದರೆ ನಮ್ಮ ಜನಕ್ಕೆ ನೀರು ಕೇಳುವುದಕ್ಕಷ್ಟೇ ಅಲ್ಲ, ಕೊಡುವುದಕ್ಕೂ ಧೈರ್ಯ ಬೇಕಾಗಿದೆ.

ಮಕ್ಕಳ ದಸರೆ ರಜೆಯಲ್ಲಿ ನಾವು ಎರಡು ಕ್ರೂಸರ್ ಗಾಡಿ ಮಾಡಿಕೊಂಡು ವೇರೂಳದ ಗುಡ್ಡಕ್ಕೆ ಹೋಗಿದ್ದೆವು. ಇಂಡಿಯಿಂದ ನಮ್ಮ ಮನೆಯವರು, ಸಿಂದಗಿಯಿಂದ ಕಾಕಾ, ಮುದ್ದೇಬಿಹಾಳದಿಂದ ತಂಗಿ, ಬಸವನ ಬಾಗೇವಾಡಿಯಿಂದ ಸೋದರಮಾವನ ಮನೆಯವರು. ರೊಟ್ಟಿ, ಶೇಂಗಾ ಹಿಂಡಿ, ಸ್ಟವ್, ತಾಡಪತ್ರಿ, ಚಾದರ ಎಲ್ಲ ಗಾಡಿ ಮೇಲೆ ಏರಿದವು. ನಮ್ಮ ಆಯಿ ಮಾತ್ರ ಐದು ಕ್ಯಾನ್ ನೀರನ್ನು ತಾನೇ ನಿಂತು ತುಂಬಿಸಿದಳು. ‘ಆಯಿ, ದಾರ್ಯಾಗ ಬಾಟ್ಲಿ ಸಿಗತಾವ’ ಎಂದು ಹುಡುಗರು ನಕ್ಕರು. ‘ಸಿಗಲಿ. ನಮ್ಮ ನೀರ ನಮ್ಮ ಕೂಡ ಇರಲಿ’ ಅಂದಳು.

ಝಳಕಿ ದಾಟಿ ಭೀಮಾ ನದಿಯ ಸೇತುವೆ ಬಂದಾಗ ನಾನು ಮಕ್ಕಳಿಗೆ 1901ರ ಒಂದು ಪ್ರಯಾಣ ಹೇಳಿದೆ. ಬಾಬಾಸಾಹೇಬರೇ ಅದನ್ನು ಬರೆದಿಟ್ಟಿದ್ದಾರೆ. ಆಗ ಅವರಿಗೆ ಒಂಬತ್ತು ವರ್ಷ. ಅಣ್ಣ ಮತ್ತು ಅಕ್ಕನ ಇಬ್ಬರು ಮಕ್ಕಳೊಂದಿಗೆ ಸಾತಾರಾದಿಂದ ತಂದೆಯನ್ನು ನೋಡಲು ಹೊರಟಿದ್ದರು. ಮಸೂರ ಸ್ಟೇಷನ್ನಿನಲ್ಲಿ ಇಳಿದರೆ ಜಾತಿ ಗೊತ್ತಾಗಿ ಯಾರೂ ಬಂಡಿ ಕೊಡಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು ಬಂಡಿಯನ್ನು ತಾವೇ ಹೊಡೆದರು. ಬಂಡಿಯವನು ಜೊತೆಗೆ ನಡೆದ. ರಾತ್ರಿ ಗುಡ್ಡದ ಬುಡದ ಸುಂಕದ ಕಟ್ಟೆಯಲ್ಲಿ ನೀರು ಕೇಳಿದರೆ ಸಿಗಲಿಲ್ಲ. ಬುತ್ತಿ ತುಂಬ ಅನ್ನವಿತ್ತು, ಗಂಟಲಿಗೆ ಇಳಿಸಲು ನೀರಿರಲಿಲ್ಲ. ಮಕ್ಕಳು ಹಸಿದೇ ಮಲಗಿದರು. ಕಥೆ ಮುಗಿದ ಮೇಲೆ ನಮ್ಮ ಹುಡುಗರು ಕ್ಯಾನಿನ ಸುದ್ದಿಗೆ ನಗಲಿಲ್ಲ.

ಮರುದಿನ ದೌಲತಾಬಾದ್ ಕೋಟೆ ಹತ್ತಿದೆವು. ಸುಮಾರು 200 ಮೀಟರ್ ಎತ್ತರದ ಕಲ್ಲುಗುಡ್ಡ, ನಡುವೆ ಕತ್ತಲ ಸುರಂಗದ ದಾರಿ. 1934ರಲ್ಲಿ ಬಾಬಾಸಾಹೇಬರು ತಮ್ಮ ಕಾರ್ಯಕರ್ತರೊಂದಿಗೆ ಬಸ್ಸು, ಕಾರು ಮಾಡಿಕೊಂಡು ವೇರೂಳದ ಬೌದ್ಧ ಗುಹೆಗಳನ್ನು ನೋಡಲು ಹೊರಟವರು ಇಲ್ಲಿಗೂ ಬಂದಿದ್ದರು. ಬಾಗಿಲ ಹೊರಗಿನ ಕೊಳದಲ್ಲಿ ಧೂಳು ಹತ್ತಿದ ಕೈಕಾಲು, ಮುಖ ತೊಳೆದದ್ದಕ್ಕೆ ಕೊಳ ಮೈಲಿಗೆಯಾಯಿತೆಂದು ಜನ ಗದ್ದಲ ಎಬ್ಬಿಸಿದರು. ಕೊನೆಗೆ ಒಳಗೆ ಎಲ್ಲೂ ನೀರು ಮುಟ್ಟಬಾರದು ಎಂಬ ಷರತ್ತಿನ ಮೇಲೆ, ಹಿಂದೊಬ್ಬ ಬಂದೂಕಿನ ಸಿಪಾಯಿಯನ್ನು ಕಳಿಸಿ ಕೋಟೆ ತೋರಿಸಿದರು. ಅಲ್ಲಿಂದ ದೂರವಿಲ್ಲದ ಔರಂಗಾಬಾದಿನಲ್ಲಿ 1950ರಲ್ಲಿ ಬಾಬಾಸಾಹೇಬರು ಕಾಲೇಜು ತೆರೆದರು. ಅದೇ ಇಂದಿನ ಮಿಲಿಂದ ಮಹಾವಿದ್ಯಾಲಯ.

ಆ ಸಂಜೆ ವೇರೂಳದ ಈಚೆ ಒಬ್ಬ ರೈತರನ್ನು ಕೇಳಿ ಅವರ ಹೊಲದ ಬದುವಿಗೆ ಗಾಡಿ ನಿಲ್ಲಿಸಿ, ತಾಡಪತ್ರಿ ಕಟ್ಟಿ ಅಡಿಗೆಗೆ ಕೂತೆವು. ರಸ್ತೆಯಲ್ಲಿ ಒಂದು ಕಾರು ಕೆಟ್ಟು ನಿಂತಿತ್ತು. ಅದರಿಂದ ಒಬ್ಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ನೀರು ಕೇಳುತ್ತ ಬಂದಳು. ಆಯಿ ತಂಬಿಗೆ ತುಂಬಿ ಚಾಚಿದಳು. ಕೈ ಅರ್ಧಕ್ಕೇ ನಿಂತಿತು. ‘ಯವ್ವಾ, ನಾವು ಜೈಭೀಮ ಮಂದಿ. ನಡೀತದಲ್ಲಾ?’ ಎಂದು ಮರಾಠಿಯಲ್ಲಿ ಕೇಳಿದಳು. ನಮಗೆಲ್ಲ ಮಾತೇ ಹೊರಡಲಿಲ್ಲ. ಆಕೆ ‘ಕೂಸಿಗೆ ನೀರಡಿಕೆ ಆಗ್ಯದ ಆಯಿ’ ಎಂದಷ್ಟೇ ಹೇಳಿ ತಂಬಿಗೆ ಈಸಿಕೊಂಡಳು.

ಆಮೇಲೆ ನನ್ನ ಮಗಳು ಕೇಳಿದಳು: ‘ಆಕಿ ಕೇಳಿದ್ದು ನೀರ. ನೀ ಅದನ್ಯಾಕ ಹೇಳಿದಿ?’

‘ಕುಡದ ಮ್ಯಾಲೆ ಗೊತ್ತಾಗಿ ಬೈದ್ರ? ಮೊದಲ ಹೇಳಿದ್ರ ಚಲೋ’ ಅಂದಳು ಆಯಿ.

ಬಂಧುಗಳೇ, ಆನಂದ ಭಿಕ್ಷು ಬಾವಿಯ ಬಳಿ ಪ್ರಕೃತಿ ಎಂಬ ಚಂಡಾಲ ಹುಡುಗಿಯನ್ನು ನೀರು ಕೇಳಿದ ಕಥೆ ನಿಮಗೆ ಗೊತ್ತು. ನಾನು ಕೇಳಿದ್ದು ನೀರನ್ನು, ಜಾತಿಯನ್ನಲ್ಲ ಎಂದ ಆನಂದನನ್ನು ನಾವು ಹೊಗಳುತ್ತೇವೆ. ಸ್ವಲ್ಪ ಆ ಹುಡುಗಿಯ ಕಡೆಗೂ ನೋಡೋಣ. ಜಾತಿ ಯಾವುದೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳೇ ಮೊದಲು ಹೇಳಿದಳು. ಬೈಗುಳ ತಿಂದು ತಿಂದು, ಬೈಯುವವರಿಲ್ಲದಾಗಲೂ ಮನಸ್ಸು ಹೆದರುತ್ತದೆ. ಇದು ಆಯಿಯ ದೋಷವಲ್ಲ. ಅವಳಿಗೆ ಆದ ಗಾಯ ಅದು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ನಮಗೆ ಧಮ್ಮ ಕೊಟ್ಟರು. ಅದು ಈ ಹೆದರಿಕೆಯವರೆಗೂ ಇಳಿಯಬೇಕು.

ಮರುದಿನ ವೇರೂಳದಲ್ಲಿ ಮೊದಲ 12 ಗುಹೆಗಳನ್ನು, ಅಂದರೆ ನಮ್ಮ ಬೌದ್ಧ ಗುಹೆಗಳನ್ನು, ನಡೆದು ನೋಡಿದೆವು. ಐದನೆಯ ಗುಹೆಯಲ್ಲಿ ನೆಲದಿಂದ ಸ್ವಲ್ಪವೇ ಎತ್ತರಕ್ಕೆ ಕಡೆದ ಎರಡು ಉದ್ದ ಕಲ್ಲು ಸಾಲುಗಳಿವೆ. ‘ಮ್ಯಾಲಿನವರು ಎಲ್ಲಿ ಕೂಡತಿದ್ರು?’ ಎಂದು ಆಯಿ ಕೇಳಿದಳು. ಎರಡೂ ಸಾಲು ಒಂದೇ ಎತ್ತರ ಎಂದು ಕಾಕಾ ತೋರಿಸಿದರು. ಸಂಘದಲ್ಲಿ ಮೊದಲು ದೀಕ್ಷೆ ಪಡೆದವರೇ ಹಿರಿಯರು. ಅದಕ್ಕೇ ಶಾಕ್ಯ ರಾಜಕುಮಾರರು ಕ್ಷೌರಿಕ ಉಪಾಲಿಗೆ ವಂದಿಸಿದರು.

ನದಿಗಳು ಸಮುದ್ರ ಸೇರಿದ ಮೇಲೆ ಹಳೆಯ ಹೆಸರು ಬಿಡುತ್ತವೆ, ಸಂಘ ಸೇರಿದವರೂ ಹಾಗೆ ಎಂದರು ಭಗವಾನರು. ಇಂಡಿ, ಸಿಂದಗಿಯವರಿಗೆ ಭೀಮೆ. ಮುದ್ದೇಬಿಹಾಳ, ಬಾಗೇವಾಡಿಯವರಿಗೆ ಕೃಷ್ಣೆ. ಡೋಣಿಯೂ ಭೀಮೆಯೂ ಕೃಷ್ಣೆಗೇ ಸೇರುತ್ತವೆ. ಮುಂದೆ ಆ ನೀರಿನಲ್ಲಿ ಯಾವುದು ಯಾರದೆಂದು ಯಾರು ಹೇಳುತ್ತಾರೆ?

ಇಂದಿನ ಅಭ್ಯಾಸ: ಮಕ್ಕಳನ್ನು ಕರೆದುಕೊಂಡು ಗುಡ್ಡ, ಗುಹೆ ಎಲ್ಲಿಗೆ ಹೊರಟರೂ ಒಂದು ಕ್ಯಾನ್ ನೀರು ಹೆಚ್ಚಿಗೆ ಇಡಿ, ಅದು ಕೇಳುವವರ ಪಾಲು. ಕೊಡುವಾಗ ಅವರು ಯಾರೆಂದು ಕೇಳಬೇಡಿ. ನೀವು ಯಾರೆಂದು ಯಾರಾದರೂ ಕೇಳಿದರೆ ಬೌದ್ಧರು ಎಂದು ತಲೆ ಎತ್ತಿ ಹೇಳಿ, ತಪ್ಪೊಪ್ಪಿಗೆಯಂತೆ ಹೇಳಬೇಡಿ. ಮನೆಯ ಹಿರಿಯರ ಕೈ ನಡುವೆ ನಿಂತರೆ ಗದರಬೇಡಿ, ನಿಮ್ಮ ಕೈಯನ್ನೂ ಆ ತಂಬಿಗೆಗೆ ಹಚ್ಚಿರಿ. ಯಾರಾದರೂ ನಿಮಗೆ ಜಾತಿ ನೋಡಿ ನೀರು ನಿರಾಕರಿಸಿದರೆ ನುಂಗಿಕೊಂಡು ಬರಬೇಡಿ, ಸಂವಿಧಾನದ 17ನೇ ವಿಧಿ ನಿಮ್ಮ ಜೊತೆಗಿದೆ.

ಸರ್ವರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. ಜೈ ಭೀಮ್.