ಇಪ್ಪತ್ತೇಳನೆಯ ಸೂಕ್ತವನ್ನೂ ಓದೋಣ

ಕೆಲಸಗಾರರ ಮಾತು ಬಂದಾಗಲೆಲ್ಲ ನಮ್ಮ ಧಣಿಗಳು ತಪ್ಪದೆ ನೆನಪಿಸುವ ಒಂದು ಸೂಕ್ತವಿದೆ. ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಮದ್‌ಯನ್‌ನ ಯುವತಿ ತಂದೆಗೆ ಸಲಹೆ ನೀಡುವಾಗ, ಶಕ್ತನೂ ನಂಬಿಗಸ್ತನೂ ಆದವನೇ ಉತ್ತಮ ಆಳು ಎನ್ನುತ್ತಾಳೆ. ಇದು ಅಲ್ ಕಸಸ್ ಅಧ್ಯಾಯದ 26ನೆಯ ಸೂಕ್ತ. 27ನೆಯದು ಮಾತ್ರ ಯಾರ ನಾಲಗೆಗೂ ಬರುವುದಿಲ್ಲ. ಅಲ್ಲಿ ಮಾತನಾಡುವವರು ಕೆಲಸ ಕೊಡುವ ಆ ತಂದೆ. ಅವರು ಎಂಟು ವರ್ಷವೆಂದು ಅವಧಿಯನ್ನು ಖಚಿತಪಡಿಸುತ್ತಾರೆ, ಹತ್ತು ಪೂರೈಸುವುದನ್ನು ದುಡಿಯುವವರ ಇಚ್ಛೆಗೆ ಬಿಡುತ್ತಾರೆ, ಅವರನ್ನು ಕಷ್ಟಕ್ಕೆ ದೂಡುವ ಉದ್ದೇಶ ತನಗಿಲ್ಲವೆಂದು ಮಾತು ಕೊಡುತ್ತಾರೆ. ಆಳಿನ ಗುಣದ ಬೆನ್ನಿಗೇ ಒಡೆಯನ ಗುಣವೂ ಬಂದಿದೆ.

ಸಹೋದರರೇ, ಇದು ಬರಿಯ ಕರುಣೆಯ ವಿಷಯವಲ್ಲ. ಅಮೆರಿಕದ ಶಿಕಾಗೋ ಬಳಿ ಟೆಲಿಫೋನ್ ಸಲಕರಣೆ ತಯಾರಿಸುತ್ತಿದ್ದ ಹಾಥಾರ್ನ್ ಕಾರ್ಖಾನೆಯಲ್ಲಿ, ದೀಪದ ಬೆಳಕು ಹೆಚ್ಚಿದರೆ ಕೆಲಸವೂ ಹೆಚ್ಚುವುದೇ ಎಂದು 1924ರಲ್ಲಿ ಪರೀಕ್ಷೆ ಆರಂಭಿಸಿದರು. ನೇರ ಸಂಬಂಧವೇನೂ ಕಾಣಲಿಲ್ಲ. 1927ರಿಂದ ಕೆಲವು ಮಹಿಳೆಯರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ನಡುನಡುವೆ ವಿರಾಮ ಕೊಟ್ಟು, ಅವರ ಅಭಿಪ್ರಾಯ ಕೇಳಿ, ಆ ಚಿಕ್ಕ ಗುಂಪಿನ ದುಡಿಮೆಗೆ ತಕ್ಕಂತೆ ಕೂಲಿ ಕೊಟ್ಟಾಗ ಉತ್ಪಾದನೆ ಏರುತ್ತಾ ಹೋಯಿತು. ಇದಕ್ಕೆ ಮೇಲ್ವಿಚಾರಕರ ಸ್ನೇಹವೇ ಕಾರಣವೆಂದು ಕೆಲವರು, ಕೂಲಿಯೇ ಕಾರಣವೆಂದು ಇನ್ನು ಕೆಲವರು ವಾದಿಸಿದ್ದಾರೆ. (ಹೆಚ್ಚು ಮಾತನಾಡುತ್ತಾರೆಂದು ಇಬ್ಬರನ್ನು ನಡುವೆಯೇ ಬದಲಾಯಿಸಿದ್ದೂ ಉಂಟು. ಸ್ನೇಹಕ್ಕೂ ಅಲ್ಲೊಂದು ಮಿತಿಯಿತ್ತು!)

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅಲ್ಲಿಯೇ 1931-32ರಲ್ಲಿ ಕಂಡುಬಂದ ಸಂಗತಿ. ಹದಿನಾಲ್ಕು ಪುರುಷ ಕಾರ್ಮಿಕರು ದಿನಕ್ಕಿಷ್ಟೇ ಎಂದು ತಮ್ಮೊಳಗೇ ಮಿತಿ ಹಾಕಿಕೊಂಡಿದ್ದರು. ಅದನ್ನು ಮೀರಿ ದುಡಿದವನನ್ನು ಜೊತೆಯವರೇ ಹಂಗಿಸುತ್ತಿದ್ದರು. ಹೆಚ್ಚು ಮಾಡಿ ತೋರಿಸಿದರೆ ಧಣಿಗಳು ದರ ಇಳಿಸುತ್ತಾರೆ, ಇಲ್ಲವೇ ಕೆಲವರನ್ನು ಮನೆಗೆ ಕಳುಹಿಸುತ್ತಾರೆ ಎಂಬ ಭಯ ಅವರಿಗಿತ್ತು. ನಾವು ಸೋಮಾರಿತನವೆಂದು ಬೈಯುವುದರ ಹಿಂದೆ ಇಂತಹ ಭಯವಿದೆಯೇ ಎಂದು ವಿಚಾರಿಸಿದವರೆಷ್ಟು ಮಂದಿ?

ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹಳೆಯ ಟ್ಯೂಬ್‌ಲೈಟುಗಳ ಬದಲು ಎಲ್‌ಇಡಿ ದೀಪ ಹಾಕಿದಾಗ ಒಳಗಿನ ಸೆಕೆ ತಗ್ಗಿ, ಬಿಸಿಲಿನ ದಿನಗಳಲ್ಲಿ ಹೊಲಿಗೆಯ ಕೆಲಸ ಸುಧಾರಿಸಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಶೌಚಕ್ಕೆ ಎದ್ದರೆ ಮೇಲ್ವಿಚಾರಕನ ಬೈಗುಳ ಕೇಳಬೇಕಾಗುತ್ತದೆಂದು ದಿನವಿಡೀ ನೀರು ಕುಡಿಯದೆ ಹೊಲಿಯುವ ಹೆಣ್ಣುಮಕ್ಕಳು ಇಂತಹ ಕಸುಬಿನಲ್ಲಿದ್ದಾರೆ. ಬಾಯಾರಿದ ನಾಯಿಗೆ ನೀರು ಕೊಟ್ಟವನಿಗೆ ಕ್ಷಮೆ ದೊರೆತ ವೃತ್ತಾಂತವನ್ನು ಮಿಂಬರ್‌ನ ಮುಂದೆ ಕುಳಿತು ಕೇಳಿ ಕಣ್ಣೊರೆಸಿಕೊಂಡವರೇ ಇಂತಹ ಕಡೆ ಧಣಿಗಳಾಗಿದ್ದರೆ ಏನೆನ್ನಬೇಕು!

ಸೇವಕರು ನಿಮ್ಮ ಸಹೋದರರು, ಅವರಿಗೆ ಮೀರಿದ ಕೆಲಸ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿವರ್ಯರ(ಸ) ಬೋಧನೆಯ ಸಾರ. ದುಡಿಯುವವನೂ ಕಳ್ಳತನದಿಂದ ಹೊತ್ತು ಕಳೆಯಬಾರದು, ಸರಿ. ಆದರೆ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಅಲ್ಲಾಹನೇ ವಾದಿಯಾಗುವನೆಂದು ಬುಖಾರಿಯಲ್ಲಿ ವರದಿಯಾಗಿದೆ. ಕೊಡಬೇಕಾದ ಸಂಬಳ ಬಾಕಿಯಿದ್ದರೆ, ಈ ಶುಕ್ರವಾರ ಜುಮಾಕ್ಕೆ ಹೊರಡುವ ಮುಂಚೆಯೇ ಅದನ್ನು ಅವರ ಕೈಗಿತ್ತು ಬನ್ನಿ.